ತೆಂಗಿನ ತೋಟಕ್ಕೆ ಗಿಡ್ಡ ಕುದುರೆ ಬಂದೀತೇ?

ಪ್ರಶ್ನೆ: ನಮ್ಮದು ತುರುವೇಕೆರೆ ತಾಲ್ಲೂಕಿನ ಹಳ್ಳಿ. ಅಪ್ಪನಿಗೆ ಗ್ಲಾಕೋಮಾದಿಂದ ಎರಡೂ ಕಣ್ಣಿನ ದೃಷ್ಟಿ ಹೋಗಿದೆ. ನಲವತ್ತು ವರ್ಷ ದುಡಿದ ತೋಟಕ್ಕೆ ಒಬ್ಬರೇ ಹೋಗಿ ಬರಬೇಕೆಂಬ ಹಂಬಲ ಅವರಿಗೆ. ನಾಯಿ ಗಾತ್ರದ ಕುದುರೆಯೊಂದು ಕಣ್ಣು ಕಾಣದವರನ್ನು ಕೈಹಿಡಿದಂತೆ ಕರೆದೊಯ್ಯುವುದನ್ನು ಮೊಬೈಲಿನಲ್ಲಿ ನೋಡಿದೆ. ಕುಣಿಗಲ್ ಕುದುರೆ ಫಾರಂ ನಮಗೆ ಹತ್ತಿರವೇ ಇದೆ. ಅಂಥ ಕುದುರೆ ಸಿಗುತ್ತದೆಯೇ? ನಮ್ಮ ಪಕ್ಕದ ಮನೆಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಏಳು ವರ್ಷದ ಹುಡುಗಿ ಇದ್ದಾಳೆ. ಅವಳಿಗೂ ಕುದುರೆಯಿಂದ ಪ್ರಯೋಜನ ಆಗುತ್ತದೆಯೇ?

ಉತ್ತರ: ನೀವು ನೋಡಿದ್ದು ಸುಳ್ಳಲ್ಲ. ಕಣ್ಣು ಕಾಣದವರಿಗೆ ದಾರಿ ತೋರಿಸುವ ಗಿಡ್ಡ ಕುದುರೆಗಳು ನಿಜವಾಗಿಯೂ ಇವೆ. ಆದರೆ ಅಮೆರಿಕದಂಥ ದೊಡ್ಡ ದೇಶದಲ್ಲೂ ದಾರಿ ತೋರುವ ನಾಯಿಗಳು ಸಾವಿರಗಟ್ಟಲೆ ಇದ್ದರೆ ಕುದುರೆಗಳು ಬೆರಳೆಣಿಕೆಯಷ್ಟು. ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತಂದೆಯವರಿಗಾಗಿ ಕುದುರೆ ತರುವ ಯೋಚನೆ ಬಿಡಿ. ಅವರು ತೋಟಕ್ಕೆ ಒಬ್ಬರೇ ಹೋಗಿ ಬರಬೇಕೆಂಬ ಆಸೆಯನ್ನು ಮಾತ್ರ ಯಾವ ಕಾರಣಕ್ಕೂ ಕೈಬಿಡಬೇಡಿ, ಅದು ಆಗುವ ಕೆಲಸ. ಪಕ್ಕದ ಮನೆಯ ಮಗುವಿನ ವಿಷಯ ಬೇರೆ, ಅವಳಿಗೆ ಕುದುರೆಯಿಂದ ಒಂದಿಷ್ಟು ಉಪಯೋಗ ಇರಬಹುದು. ಆದರೆ ಅದು ನೀವು ನೋಡಿದ ಗಿಡ್ಡ ಕುದುರೆಯಲ್ಲ.

ಈ ಗಿಡ್ಡ ಕುದುರೆಗಳ ಕತೆ ಬಹಳ ಹಳೆಯದೇನಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಕಿಟ್ರೆಲ್ ಎಂಬ ಊರಿನಲ್ಲಿ ಜಾನೆಟ್ ಮತ್ತು ಡಾನ್ ಬರ್ಲ್‌ಸನ್ ದಂಪತಿ 1999ರಲ್ಲಿ ಇದನ್ನು ಶುರು ಮಾಡಿದರು. ಅವರ ಮನೆಯಲ್ಲಿ ಟ್ವಿಂಕಿ ಎಂಬ ಪುಟ್ಟ ಕುದುರೆ ಇತ್ತು. ಅದು ನಾಯಿಯಂತೆ ಅವರ ಹಿಂದೆಯೇ ಓಡಾಡುತ್ತಿತ್ತು. ನಾಯಿ ಮಾಡುವ ಕೆಲಸವನ್ನು ಇದಕ್ಕೂ ಕಲಿಸಬಹುದೇ ಎಂದು ಅವರು ಪ್ರಯತ್ನಿಸಿದರು. 2001ರಲ್ಲಿ ಮೇನ್ ರಾಜ್ಯದ ಡ್ಯಾನ್ ಶಾ ಎಂಬ ಅಂಧರು ಕಡಲ್ಸ್ ಎಂಬ ಕುದುರೆಯನ್ನು ಜೊತೆಗಾರನನ್ನಾಗಿ ಪಡೆದರು. ಅದರ ಎತ್ತರ ಸುಮಾರು ಎರಡಡಿ. ಡ್ಯಾನ್ ಅವರ ದೃಷ್ಟಿ ಹೋದದ್ದು ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ, ಅಕ್ಷಿಪಟಲ ನಿಧಾನವಾಗಿ ಸವೆಯುವ ಕಾಯಿಲೆಯಿಂದ. ದಾರಿ ತೋರುವ ನಾಯಿ ಎಂಟು-ಹತ್ತು ವರ್ಷ ದುಡಿದರೆ ಹೆಚ್ಚು. ಗಿಡ್ಡ ಕುದುರೆ ಇಪ್ಪತ್ತೈದು-ಮೂವತ್ತು ವರ್ಷ ಬದುಕುತ್ತದೆ. ಜೊತೆಗಾರನನ್ನು ಪದೇಪದೇ ಕಳೆದುಕೊಳ್ಳುವ ಸಂಕಟ ತಪ್ಪುತ್ತದೆ ಎಂಬುದು ಅಂಥವರಿಗೆ ಸಣ್ಣ ಮಾತಲ್ಲ.

ಇನ್ನೂ ಒಂದು ಕಾರಣವಿದೆ. ನಾಯಿಯೆಂದರೆ ಎಲ್ಲರಿಗೂ ಆಗಿಬರುವುದಿಲ್ಲ. ಕೆಲವರಿಗೆ ಅದರ ಕೂದಲು ಅಲರ್ಜಿ, ಕೆಲವರ ಮನೆಯ ಆಚಾರಕ್ಕೆ ಒಗ್ಗದು, ಕೆಲವರಿಗೆ ಭಯ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಮೊಹಮ್ಮದ್ ಸಲೀಂ ಪಟೇಲ್ ಬಿಬಿಸಿಯಲ್ಲಿ ಪತ್ರಕರ್ತರಾಗಿದ್ದವರು. ಅವರಿಗೆ ನಾಯಿ ಕಂಡರೆ ಹೆದರಿಕೆ. ಅವರಿಗಾಗಿ ಡಿಗ್ಬಿ ಎಂಬ ಗಿಡ್ಡ ಕುದುರೆಗೆ ತರಬೇತಿ ಕೊಡಲು ಶುರು ಮಾಡಿದಾಗ ಅದು ದೊಡ್ಡ ಸುದ್ದಿಯಾಗಿತ್ತು.

ಅಮೆರಿಕದ ಕಾನೂನೂ ಇದಕ್ಕೆ ಜಾಗ ಮಾಡಿಕೊಟ್ಟಿತು. 2011ರ ಮಾರ್ಚ್ 15ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಅಲ್ಲಿ ಸೇವಾಪ್ರಾಣಿ ಎಂದರೆ ನಾಯಿ ಮಾತ್ರ. ಆದರೆ ಗಿಡ್ಡ ಕುದುರೆಗೆ ಪ್ರತ್ಯೇಕ ವಿಧಿಯೊಂದನ್ನು ಸೇರಿಸಿದರು. ಹೆಗಲಿನವರೆಗಿನ ಎತ್ತರ ಸಾಧಾರಣವಾಗಿ 24ರಿಂದ 34 ಅಂಗುಲ, ತೂಕ 70ರಿಂದ 100 ಪೌಂಡ್, ಅಂದರೆ 32ರಿಂದ 45 ಕಿಲೋ ಎಂದು ಅದರಲ್ಲಿ ಹೇಳಿದೆ. ಅಂಗಡಿ, ಹೋಟೆಲು, ಕಚೇರಿಗಳು ಅದನ್ನು ಒಳಗೆ ಬಿಡುವ ಮುನ್ನ ನಾಲ್ಕು ವಿಷಯ ನೋಡಬಹುದು: ಕಂಡಕಂಡಲ್ಲಿ ಲದ್ದಿ ಹಾಕದಂತೆ ಅಭ್ಯಾಸವಾಗಿದೆಯೇ, ಯಜಮಾನರ ಹಿಡಿತದಲ್ಲಿದೆಯೇ, ಅದರ ಗಾತ್ರಕ್ಕೆ ಜಾಗ ಸಾಕೇ, ಬೇರೆಯವರ ಸುರಕ್ಷತೆಗೆ ತೊಂದರೆ ಇದೆಯೇ. ಆದರೆ ವಿಮಾನದ ಬಾಗಿಲು ಅಲ್ಲಿಯೂ ಮುಚ್ಚಿತು. 2020ರ ಡಿಸೆಂಬರಿನಲ್ಲಿ ಅಮೆರಿಕದ ಸಾರಿಗೆ ಇಲಾಖೆ ಹೊಸ ನಿಯಮ ತಂದು, ವಿಮಾನದಲ್ಲಿ ಸೇವಾಪ್ರಾಣಿ ಎಂದು ಒಪ್ಪಿಕೊಳ್ಳಬೇಕಾದದ್ದು ನಾಯಿಯನ್ನು ಮಾತ್ರ ಎಂದು ಗೊತ್ತುಮಾಡಿತು. ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, ಒಳ್ಳೆಯ ಕಾಯ್ದೆ. ಕುದುರೆಯೊಂದಿಗೆ ಬಸ್ಸು ಹತ್ತುವ ಹಕ್ಕಿನ ಮಾತು ಅದರಲ್ಲಿಲ್ಲ.

ಈಗ ದಾರಿ ತೋರಿಸುವುದು ಎಂದರೇನು ಎಂಬುದನ್ನು ನೋಡೋಣ. ಇದು ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಸಂಜೆ ಮೇಯಿಸಿ ಬಿಟ್ಟ ಹಸು ತಾನಾಗಿಯೇ ಕೊಟ್ಟಿಗೆಗೆ ಬರುತ್ತದೆ. ಅದರ ಕೊರಳಿಗೆ ಗಂಟೆ ಕಟ್ಟಿ, ಹಗ್ಗ ಹಿಡಿದು ಹಿಂದೆ ನಡೆದರೆ ಮನೆ ಸೇರಬಹುದು ಎನ್ನಿಸುತ್ತದೆ. ಆದರೆ ಹಸುವಿಗೆ ಗೊತ್ತಿರುವುದು ತನ್ನ ದಾರಿ. ತಾನು ದಾಟುವ ಕಾಲುವೆಯನ್ನು ಹಿಂದಿನವರು ದಾಟಬಲ್ಲರೇ, ತನ್ನ ತಲೆಗೆ ತಾಗದ ಕೊಂಬೆ ಅವರ ಹಣೆಗೆ ಬಡಿಯುತ್ತದೆಯೇ ಎಂಬ ಲೆಕ್ಕ ಅದಕ್ಕಿಲ್ಲ. ದಾರಿ ತೋರುವ ಪ್ರಾಣಿ ತನ್ನ ಮೈಯಳತೆಯ ಜೊತೆಗೆ ಮನುಷ್ಯನ ಮೈಯಳತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೆಟ್ಟಿಲು ಬಂದರೆ ನಿಲ್ಲಬೇಕು. ಎಲ್ಲಕ್ಕಿಂತ ಕಷ್ಟದ ಪಾಠವೆಂದರೆ, ಯಜಮಾನರು ಮುಂದೆ ನಡೆ ಎಂದರೂ ಎದುರಿಗೆ ಗುಂಡಿಯೋ ಲಾರಿಯೋ ಇದ್ದರೆ ಆ ಮಾತನ್ನು ಮೀರಿ ನಿಲ್ಲುವುದು. ಇದನ್ನೆಲ್ಲ ಕಲಿಸಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ, ಕಲಿಸುವವರೂ ನುರಿತವರಾಗಿರಬೇಕು. ನ್ಯೂಯಾರ್ಕ್ ರಾಜ್ಯದ ಆನ್ ಈಡಿ ಎಂಬ ಅಂಧ ಮಹಿಳೆಗೆ ಪಾಂಡಾ ಎಂಬ ಕುದುರೆಯನ್ನು ಸಿದ್ಧಪಡಿಸಿದವರು ಅಲೆಕ್ಸಾಂಡ್ರಾ ಕರ್ಲೆಂಡ್. ಹೊಡೆಯದೆ, ಬೆದರಿಸದೆ, ಸರಿ ಮಾಡಿದ ಕ್ಷಣಕ್ಕೆ ಟಿಕ್ ಎಂಬ ಸದ್ದು ಮಾಡಿ ತಿನಿಸು ಕೊಡುವ ವಿಧಾನದಲ್ಲಿ ಅವರದು ದೊಡ್ಡ ಹೆಸರು. ಅಂಥ ತರಬೇತುದಾರರು ಸಿಗದಿದ್ದರೆ ಕುದುರೆ ಸಿಕ್ಕೂ ಪ್ರಯೋಜನವಿಲ್ಲ.

ಕುದುರೆಗೆ ಕೆಲವು ವರಗಳಿವೆ. ಕಣ್ಣು ತಲೆಯ ಅಕ್ಕಪಕ್ಕದಲ್ಲಿರುವುದರಿಂದ ಬೆನ್ನ ಹಿಂದಿನ ಸ್ವಲ್ಪ ಜಾಗ ಬಿಟ್ಟರೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಮಬ್ಬುಗತ್ತಲಲ್ಲಿ ನಮಗಿಂತ ಚೆನ್ನಾಗಿ ನೋಡಬಲ್ಲದು. ಆದರೆ ಹುಟ್ಟಿನಿಂದಲೇ ಅದು ಬೇಟೆಗೆ ಈಡಾಗುವ ಪ್ರಾಣಿ. ಭಯವಾದರೆ ಅದರ ಮೊದಲ ಬುದ್ಧಿ ಓಡುವುದು. ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಕೊಬ್ಬರಿ ಮೂಟೆ ತುಂಬಿದ ಲಾರಿಗಳ ಹಾರನ್ನು, ಬೀದಿಯಲ್ಲಿ ನಾಯಿಗಳ ಹಿಂಡು, ಇವುಗಳ ನಡುವೆ ಮೊಣಕಾಲಿಗಿಂತ ತುಸು ಎತ್ತರದ ಪ್ರಾಣಿಯನ್ನು ನೆಚ್ಚಿಕೊಂಡು ಕಣ್ಣು ಕಾಣದ ಹಿರಿಯರು ನಡೆಯುವುದನ್ನು ನೆನೆದರೆ ನನಗೆ ಧೈರ್ಯ ಬರುವುದಿಲ್ಲ. ನಾಯಿಗಳಿಗಿಂತ ದೊಡ್ಡ ಆತಂಕ ಚಿರತೆಯದು. ಚಿಕ್ಕನಾಯಕನಹಳ್ಳಿಯ ಗುಡ್ಡಸಾಲಿನಿಂದ ಹಿಡಿದು ನಿಮ್ಮ ತಾಲ್ಲೂಕಿನ ತೋಟಗಳವರೆಗೂ ಅದರ ಓಡಾಟವಿದೆ. ಕೊಟ್ಟಿಗೆಯಿಂದ ಮೇಕೆಯನ್ನು, ಅಂಗಳದಿಂದ ನಾಯಿಯನ್ನು ಅದು ಒಯ್ಯುವುದು ನಿಮಗೇನೂ ಹೊಸದಲ್ಲ. ನಲವತ್ತು ಕಿಲೋ ತೂಕದ ಕುದುರೆ ಅದಕ್ಕೆ ಮೇಕೆಯಷ್ಟೇ ಸುಲಭದ ತುತ್ತು.

ಸಾಕುವ ಕಷ್ಟವೂ ಇದೆ. ಕುದುರೆಯ ಹೊಟ್ಟೆ ಹಸುವಿನ ಹೊಟ್ಟೆಯಲ್ಲ, ಮೆಲುಕು ಹಾಕುವುದಿಲ್ಲ. ದಿನವಿಡೀ ಸ್ವಲ್ಪಸ್ವಲ್ಪವಾಗಿ ಹುಲ್ಲು ತಿನ್ನುತ್ತಿರಬೇಕು. ಮೇವು ಏರುಪೇರಾದರೆ ಬರುವ ಹೊಟ್ಟೆಶೂಲೆ ಒಂದೇ ರಾತ್ರಿಯಲ್ಲಿ ಜೀವ ತೆಗೆಯಬಲ್ಲದು. ಗಿಡ್ಡ ತಳಿಗಳು ಬೇಗ ಕೊಬ್ಬುತ್ತವೆ, ಪ್ರೀತಿಯಿಂದ ಹುರುಳಿ, ಬೆಲ್ಲ, ಹಿಂಡಿ ಕೊಟ್ಟರೆ ಗೊರಸಿನೊಳಗೆ ಉರಿಯೂತವಾಗಿ ನಡೆಯಲಾರದೆ ಹೋಗುತ್ತವೆ. ಆರೆಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ನಮ್ಮಲ್ಲಿ ಎತ್ತಿಗೆ ಲಾಳ ಹೊಡೆಯುವವರು ಇದ್ದಾರೆ, ಕುದುರೆಯ ಗೊರಸಿನ ಕೆಲಸ ಬೇರೆಯೇ ವಿದ್ಯೆ. ಹಸು, ಎಮ್ಮೆ, ಕುರಿಗಳಿಗೆ ಮದ್ದು ಕೊಡುವ ತಾಲ್ಲೂಕು ಪಶುವೈದ್ಯರಿಗೆ ಕುದುರೆ ಕೈಗೆ ಸಿಗುವುದೇ ಅಪರೂಪ. ಇಷ್ಟರ ಮೇಲೆ ಕುದುರೆ ಒಂಟಿಯಾಗಿ ಬದುಕುವ ಪ್ರಾಣಿಯಲ್ಲ, ಜೊತೆಗೆ ಇನ್ನೊಂದು ಇದ್ದರೆ ಮಾತ್ರ ನೆಮ್ಮದಿ. ಲದ್ದಿಯ ತಿಪ್ಪೆಯನ್ನು ತೋಟದಂಚಿನಲ್ಲಿ ಹಾಗೇ ಬಿಟ್ಟರೆ ತೆಂಗಿನ ಸುಳಿ ಕೊರೆಯುವ ದುಂಬಿ ಅದರಲ್ಲೇ ಮೊಟ್ಟೆಯಿಡುತ್ತದೆ, ಇದು ನಿಮಗೆ ನಾನು ಹೇಳಿಕೊಡಬೇಕಾದ್ದಿಲ್ಲ.

ಇನ್ನು ಕುಣಿಗಲ್ ವಿಷಯ. ಹೈದರ್-ಟಿಪ್ಪು ಕಾಲದವರೆಗೆ ಚರಿತ್ರೆ ಚಾಚಿಕೊಂಡಿರುವ ಆ ಫಾರಂ ನಮ್ಮ ಜಿಲ್ಲೆಯ ಹೆಮ್ಮೆ. 1992ರಲ್ಲಿ ಸರ್ಕಾರ ಅದನ್ನು ಮೂವತ್ತು ವರ್ಷದ ಗುತ್ತಿಗೆಗೆ ಯುಬಿ ಸಮೂಹಕ್ಕೆ ಕೊಟ್ಟಿತ್ತು. ಅಲ್ಲಿ ಬೆಳೆದದ್ದು ರೇಸಿನ ಥರೋಬ್ರೆಡ್ ಕುದುರೆಗಳು: ಐದಡಿ ದಾಟುವ ಎತ್ತರ, ನಾಲ್ಕೈದು ಕ್ವಿಂಟಲ್ ತೂಕ, ಬಿಸಿರಕ್ತ. ನಿಮ್ಮ ತಂದೆಯವರ ಕೆಲಸಕ್ಕೂ ಅವಕ್ಕೂ ಸಂಬಂಧವಿಲ್ಲ. ದಖ್ಖನ್ ಸೀಮೆಯಲ್ಲಿ ಕುರಿಗಾರರ ಸಾಮಾನು ಹೊರುವ ತಟ್ಟುಗಳುಂಟು. ಪುಣೆ, ಸೊಲ್ಲಾಪುರ, ಸತಾರಾ ಕಡೆಯ ಧನಗರರ ಭೀಮಥಡಿ ತಟ್ಟುವಿಗೆ ಈಚೆಗೆ ಪ್ರತ್ಯೇಕ ತಳಿಯೆಂಬ ಮಾನ್ಯತೆಯೂ ಸಿಕ್ಕಿದೆ. ಅದೂ ನಾಲ್ಕಡಿಯ ಆಸುಪಾಸಿನದು, ಗಟ್ಟಿ ಜೀವ, ಹೊರೆ ಹೊರಲು ಹುಟ್ಟಿದ್ದು. ನಮ್ಮ ದೇಶದ ತಳಿಗಳಲ್ಲಿ ಎರಡೂವರೆ ಅಡಿಯದು ಯಾವುದೂ ಇಲ್ಲ. ವಿದೇಶದಿಂದ ತರಿಸಲು ಪರವಾನಗಿ, ಕ್ವಾರಂಟೈನು, ರೋಗ ತಪಾಸಣೆ ಎಲ್ಲ ಆಗಬೇಕು. ಆದ್ದರಿಂದ ಯಾರಾದರೂ ಫೋನಿನಲ್ಲಿ ಫೋಟೊ ಕಳಿಸಿ ಮಿನಿ ಕುದುರೆ ಇದೆ, ಮುಂಗಡ ಹಾಕಿ ಎಂದರೆ ಒಂದು ರೂಪಾಯಿಯನ್ನೂ ಹಾಕಬೇಡಿ. ತಟ್ಟುವಿನ ಮರಿಯನ್ನು ಗಿಡ್ಡ ತಳಿ ಎಂದು ತೋರಿಸಿದರೆ ಹಲ್ಲು ನೋಡಿ ವಯಸ್ಸು ಹೇಳಬಲ್ಲವರಿಗೆ ಮಾತ್ರ ಗೊತ್ತಾದೀತು. ಇನ್ನು ನಿಜವಾದ ಗಿಡ್ಡ ಕುದುರೆಗಳ ಮಾತು: ಗಿಡ್ಡಗಿಡ್ಡವನ್ನೇ ಆರಿಸಿ ತಳಿ ಬೆಳೆಸಿದ್ದರಿಂದ ಅವಕ್ಕೆ ಹಲ್ಲಿನ ತೊಂದರೆ, ಹೆರಿಗೆಯ ತೊಂದರೆ, ಕುಬ್ಜತನದ ಮೂಳೆ ದೋಷಗಳು ಅಂಟಿಕೊಂಡಿವೆ. ಆ ಜೀವದ ಕಷ್ಟವನ್ನೂ ನಾವು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪಕ್ಕದ ಮನೆಯ ಹುಡುಗಿಗೆ ಬರುತ್ತೇನೆ. ಒಬ್ಬರ ಜೊತೆಗಿದ್ದು ಅವರ ಕೆಲಸ ಮಾಡುವ ಪ್ರಾಣಿ ಬೇರೆ, ಚಿಕಿತ್ಸೆಗೆ ನೆರವಾಗುವ ಪ್ರಾಣಿ ಬೇರೆ. ಎರಡನೆಯದರಲ್ಲೂ ಎರಡು ಬಗೆ. ಫ್ಲಾರಿಡಾದ ಜೆಂಟಲ್ ಕೆರೊಸೆಲ್ ಎಂಬ ಸಂಸ್ಥೆ ಗಿಡ್ಡ ಕುದುರೆಗಳನ್ನು ಆಸ್ಪತ್ರೆಗಳಿಗೆ, ವೃದ್ಧಾಶ್ರಮಗಳಿಗೆ ಕರೆದೊಯ್ಯುತ್ತದೆ. 2012ರಲ್ಲಿ ನ್ಯೂಟೌನ್ ಎಂಬ ಊರಿನ ಶಾಲೆಯಲ್ಲಿ ಗುಂಡಿನ ದಾಳಿಗೆ ಪುಟ್ಟ ಮಕ್ಕಳು ಬಲಿಯಾದ ಮೇಲೆ ಬದುಕುಳಿದ ಮಕ್ಕಳ ಬಳಿಗೂ ಅವು ಹೋಗಿದ್ದವು. ಮಗು ಅದರ ಕೊರಳು ತಬ್ಬುತ್ತದೆ, ಮೈ ಸವರುತ್ತದೆ, ಮನಸ್ಸು ಹಗುರವಾಗುತ್ತದೆ. ಬೆಲೆಯುಳ್ಳ ಕೆಲಸವೇ, ಆದರೆ ಸೆರೆಬ್ರಲ್ ಪಾಲ್ಸಿಯ ಮಗುವಿನ ಸೊಂಟಕ್ಕೆ, ಬೆನ್ನಿಗೆ ಬಲ ಬರುವುದು ಇದರಿಂದಲ್ಲ.

ಅದಕ್ಕೆ ಬೇಕಾದದ್ದು ಬೆನ್ನ ಮೇಲೆ ಕೂರಿಸಿಕೊಂಡು ನಡೆಯುವ ಕುದುರೆ. ಕುದುರೆ ನಿಧಾನ ನಡೆದಾಗ ಅದರ ಬೆನ್ನು ಮುಂದಕ್ಕೆ-ಹಿಂದಕ್ಕೆ, ಎಡಕ್ಕೆ-ಬಲಕ್ಕೆ, ಮೇಲಕ್ಕೆ-ಕೆಳಕ್ಕೆ ಒಂದೇ ಲಯದಲ್ಲಿ ಆಡುತ್ತದೆ. ಮನುಷ್ಯ ನಡೆಯುವಾಗ ಅವನ ಸೊಂಟ ಆಡುವುದೂ ಬಹುಪಾಲು ಹೀಗೆಯೇ. ತಾನಾಗಿ ನಡೆಯಲಾಗದ ಮಗುವಿನ ಮೈಗೆ ನಡಿಗೆಯ ಆ ಲಯ ಕುದುರೆಯ ಬೆನ್ನಿನಿಂದ ದಾಟುತ್ತದೆ. ಬೀಳದಂತೆ ನೆಟ್ಟಗೆ ಕೂರುವ ಯತ್ನದಲ್ಲೇ ಮಗುವಿನ ನಡುವಿನ ಸ್ನಾಯುಗಳು ಕೆಲಸ ಮಾಡುತ್ತವೆ. ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಪೋಲಿಯೊದಿಂದ ಮೊಣಕಾಲಿನ ಕೆಳಗೆ ಸ್ವಾಧೀನ ಕಳೆದುಕೊಂಡವರು. ಕುದುರೆ ಹತ್ತಲು ಅವರಿಗೆ ಇನ್ನೊಬ್ಬರ ನೆರವು ಬೇಕಿತ್ತು. ಹಾಗಿದ್ದೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುದುರೆ ಸವಾರಿಯಲ್ಲಿ ಗಂಡಸರ ಜೊತೆ ಸ್ಪರ್ಧಿಸಿ ಬೆಳ್ಳಿ ಗೆದ್ದರು. ಯುರೋಪ್, ಅಮೆರಿಕಗಳಲ್ಲಿ ಸವಾರಿ ಚಿಕಿತ್ಸೆಯ ಕೇಂದ್ರಗಳು ತಲೆಯೆತ್ತಲು ಆ ಗೆಲುವು ದೊಡ್ಡ ಪ್ರೇರಣೆಯಾಯಿತು. ಗಿಡ್ಡ ಕುದುರೆ ಇಲ್ಲಿ ಏಕೆ ಬಾರದು ಎಂಬುದಕ್ಕೆ ಸರಳ ಲೆಕ್ಕವಿದೆ. ಕುದುರೆ ತನ್ನ ತೂಕದ ಐದರಲ್ಲೊಂದು ಪಾಲಿಗಿಂತ ಹೆಚ್ಚು ಹೊರಬಾರದು ಎನ್ನುತ್ತಾರೆ. 45 ಕಿಲೋ ಕುದುರೆ ಹೊರಬಹುದಾದದ್ದು 9 ಕಿಲೋ. ಏಳು ವರ್ಷದ ಮಗು ಅದರ ಎರಡರಷ್ಟು ತೂಗುತ್ತದೆ.

ಬೆಂಗಳೂರಿನಲ್ಲಿ ಪುಷ್ಪಾ ಬೋಪಯ್ಯ ಅವರು ಕಟ್ಟಿದ ಹೀಲಿಂಗ್ ಹಾರ್ಸಸ್ ಇಂಥ ಚಿಕಿತ್ಸೆಗೆ ಹೆಸರಾದದ್ದು. ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳೊಂದಿಗೆ ಕೆಲಸ ಮಾಡಿದೆ. ಆ ಮಗುವಿನ ತಾಯ್ತಂದೆಯರು ಯಾವುದೇ ಕೇಂದ್ರಕ್ಕೆ ಹೋಗುವ ಮೊದಲು ಮೂಳೆ ವೈದ್ಯರಲ್ಲಿ ಸೊಂಟದ ಎಕ್ಸ್‌ರೇ ತೆಗೆಸಲಿ. ಸೊಂಟದ ಕೀಲು ಜಾರಿರುವ, ಬೆನ್ನುಮೂಳೆ ತೀರಾ ಬಾಗಿರುವ, ಹತೋಟಿಗೆ ಬಾರದ ಮೂರ್ಛೆ ಇರುವ ಮಕ್ಕಳನ್ನು ಕುದುರೆ ಹತ್ತಿಸಬಾರದು. ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್ ಇದ್ದಾರೆಯೇ, ಹೆಲ್ಮೆಟ್ ಹಾಕುತ್ತಾರೆಯೇ, ಕುದುರೆ ನಡೆಸಲು ಒಬ್ಬರು, ಮಗುವಿನ ಎರಡೂ ಪಕ್ಕ ಒಬ್ಬೊಬ್ಬರು ಇರುತ್ತಾರೆಯೇ ಎಂದು ಕೇಳಲಿ. ಒಮ್ಮೆ ಹೋಗಿ ಬಂದರೆ ಫಲವಿಲ್ಲ, ವಾರವಾರ ಹೋಗಬೇಕು. ಅಷ್ಟು ದೂರ, ಅಷ್ಟು ಖರ್ಚು ಆಗದಿದ್ದರೆ ಕೊರಗುವುದು ಬೇಡ. ಕುದುರೆ ಸವಾರಿ ಫಿಸಿಯೋಥೆರಪಿಯ ಜೊತೆಗೆ ಸೇರುವಂಥದ್ದು, ಅದರ ಬದಲಿಗೆ ಬರುವಂಥದ್ದಲ್ಲ. ಶಿಕ್ಷಣ ಇಲಾಖೆಯ ತಾಲ್ಲೂಕು ಬಿ.ಆರ್.ಸಿ. ಕಚೇರಿಗೆ ಹೋಗಿ ವಿಶೇಷ ಅಗತ್ಯದ ಮಕ್ಕಳಿಗಿರುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನು ಕಂಡರೆ ಶಾಲೆ, ಮನೆಪಾಠ, ಫಿಸಿಯೋಥೆರಪಿ ಎಲ್ಲಕ್ಕೂ ದಾರಿ ತಿಳಿಯುತ್ತದೆ. ದಿನವೂ ಮನೆಯಲ್ಲಿ ಮಾಡಿಸುವ ಅರ್ಧ ಗಂಟೆಯ ವ್ಯಾಯಾಮಕ್ಕೆ ಸಾಟಿಯಿಲ್ಲ.

ಈಗ ನಿಮ್ಮ ತಂದೆಯವರ ತೋಟದ ದಾರಿ. ನಲವತ್ತು ವರ್ಷ ಓಡಾಡಿದವರಿಗೆ ತೋಟದ ನಕ್ಷೆ ಮನಸ್ಸಿನಲ್ಲೇ ಇದೆ. ತೆಂಗನ್ನು ನಾವು ಸಾಲಾಗಿ, ಇಪ್ಪತ್ತೈದು-ಮೂವತ್ತು ಅಡಿ ಅಂತರದಲ್ಲಿ ನೆಡುವುದರಿಂದ ಹೆಜ್ಜೆಯ ಲೆಕ್ಕ ಎಲ್ಲೆಡೆ ಒಂದೇ. ಇದು ಅವರಿಗೆ ದೊಡ್ಡ ಅನುಕೂಲ. ಮನೆಯಿಂದ ಪಂಪ್‌ಸೆಟ್ ಮನೆಯವರೆಗೆ ಸೊಂಟದೆತ್ತರಕ್ಕೆ ತೆಂಗಿನ ನಾರಿನ ಹಗ್ಗವೊಂದನ್ನು ಬಿಗಿದು ಕಟ್ಟಿ. ಮರದಿಂದ ಮರಕ್ಕೆ ಕಟ್ಟಬೇಡಿ, ಬುಡದಲ್ಲಿ ನಡೆದರೆ ಒಣಗರಿಯೋ ಕಾಯಿಯೋ ತಲೆಯ ಮೇಲೆ ಬೀಳಬಹುದು. ಎರಡು ಸಾಲುಗಳ ನಡುವೆ ಕಲ್ಲುಕಂಬ ನೆಟ್ಟು ಕಟ್ಟಿ. ದಾರಿ ತಿರುಗುವಲ್ಲಿ ಹಗ್ಗಕ್ಕೆ ಒಂದು ಗಂಟು, ಕುಳಿತು ಸುಧಾರಿಸಿಕೊಳ್ಳುವ ಕಲ್ಲಿರುವಲ್ಲಿ ಎರಡು ಗಂಟು. ಬಿದ್ದ ಗರಿಗಳನ್ನು ದಿನವೂ ಎತ್ತಿ ಹಾಕಿ. ಡ್ರಿಪ್ ಪೈಪು ದಾರಿಗೆ ಅಡ್ಡ ಬರುವಲ್ಲಿ ಮಣ್ಣಿನಡಿ ಹೂಳಿ. ತೆರೆದ ಬಾವಿಗೆ ಕಟ್ಟೆ ಕಟ್ಟಿಸಿ, ಹೇಮಾವತಿ ನಾಲೆಯ ಕಡೆಗಿನ ಬದುವಿಗೆ ಬೇಲಿ ಹಾಕಿಸಿ.

ಜೊತೆಗೆ ಬಿಳಿ ಕೋಲು. ಕೋಲು ಕೊಟ್ಟರೆ ಸಾಲದು, ಅದನ್ನು ಆಡಿಸುತ್ತ ನಡೆಯುವುದನ್ನು ಬಲ್ಲವರಿಂದ ಕೆಲವು ವಾರ ಕಲಿಯಬೇಕು. ಬಹಳ ಮನೆಗಳಲ್ಲಿ ಕೋಲು ಮೂಲೆ ಸೇರುವುದು ಕಲಿಸುವವರಿಲ್ಲದೆ. ಕೋಲಿಗೆ ನೆಲದ ಕಲ್ಲು ತಿಳಿಯುತ್ತದೆ, ಹಣೆಯ ಮಟ್ಟದಲ್ಲಿ ಜೋತುಬಿದ್ದ ಗರಿ ತಿಳಿಯುವುದಿಲ್ಲ. ದೆಹಲಿಯ ಐಐಟಿಯಲ್ಲಿ ರೂಪುಗೊಂಡು 2014ರಲ್ಲಿ ಹೊರಬಂದ ಸ್ಮಾರ್ಟ್‌ಕೇನ್ ಎಂಬ ಸಾಧನ ಈ ಕೊರತೆ ತುಂಬುತ್ತದೆ. ಬಾವಲಿಯಂತೆ ಶಬ್ದದಲೆ ಕಳಿಸಿ, ಮೊಣಕಾಲಿನಿಂದ ತಲೆಯವರೆಗಿನ ಅಡ್ಡಿಯನ್ನು ಹಿಡಿಯ ಕಂಪನದಲ್ಲಿ ತಿಳಿಸುತ್ತದೆ. ತೋಟದವರಿಗೆಂದೇ ಮಾಡಿದಂತಿದೆ.

ಇದಕ್ಕೆಲ್ಲ ನೀವೊಬ್ಬರೇ ಹೆಣಗಬೇಕಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯು. ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ಎಂ.ಆರ್.ಡಬ್ಲ್ಯು. ಎಂಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ಯುಡಿಐಡಿ ಎಂಬ ವಿಕಲಚೇತನರ ಗುರುತಿನ ಕಾರ್ಡು, ಪಿಂಚಣಿ, ಸಾಧನ ಸಲಕರಣೆಗಳ ಅರ್ಜಿ ಅವರ ಮೂಲಕವೇ ಹೋಗುತ್ತದೆ. ಪಂಚಾಯಿತಿ ತನ್ನ ಸ್ವಂತ ಆದಾಯದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿಡಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ನಮ್ಮ ಸೀಮೆಯಲ್ಲಿ ಅಂಗವೈಕಲ್ಯದ ಮಾತು ಬಂದರೆ ತೆಂಗಿನ ಮರದಿಂದ ಬಿದ್ದವರನ್ನು ಮರೆಯುವಂತಿಲ್ಲ. ಬೆನ್ನುಹುರಿ ಮುರಿದು, ಸೊಂಟದ ಕೆಳಗೆ ಸ್ವಾಧೀನವಿಲ್ಲದೆ ಮಲಗಿದವರು ನಮ್ಮ ಹಳ್ಳಿಗಳಲ್ಲಿದ್ದಾರೆ. ಗಾಲಿಕುರ್ಚಿ ಎಳೆಯಲೂ ಗಿಡ್ಡ ಕುದುರೆಯನ್ನು ಪಳಗಿಸುತ್ತಾರೆ ಎಂದು ಓದಿದವರು ಇವರನ್ನು ನೆನೆಯಬಹುದು. ಆದರೆ ಇವರಿಗೆ ತುರ್ತಾಗಿ ಬೇಕಾದದ್ದು ಹಾಸಿಗೆ ಹುಣ್ಣಾಗದಂತೆ ಆರೈಕೆ, ಮೂತ್ರದ ಸೋಂಕು ತಪ್ಪಿಸುವ ತಿಳಿವಳಿಕೆ, ಮನೆಬಾಗಿಲಿಗೆ ಒಂದು ಇಳಿಜಾರು. ಎನ್.ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಎಪಿಡಿ ಸಂಸ್ಥೆ ಬೆನ್ನುಹುರಿ ಪೆಟ್ಟಿನವರ ಪುನರ್ವಸತಿಯಲ್ಲಿ ನುರಿತದ್ದು. ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಅಪಘಾತ ವಿಮೆಯೂ ಇದೆ. ನಿಮ್ಮ ತೋಟದಲ್ಲಿ ಕಾಯಿ ಕೀಳುವವರಿಗೆ ಅದು ಇದೆಯೇ ಎಂದು ವಿಚಾರಿಸಿ, ಇಲ್ಲದಿದ್ದರೆ ನೀವೇ ಮಾಡಿಸಿಕೊಡಿ.

ಕೊನೆಯದಾಗಿ, ತಂದೆಯವರ ದೃಷ್ಟಿ ಹೋದದ್ದು ಗ್ಲಾಕೋಮಾದಿಂದ ಎಂದಿದ್ದೀರಿ. ಅದು ರಕ್ತಸಂಬಂಧದಲ್ಲಿ ಹರಿದುಬರುವ ಕಾಯಿಲೆ. ನೋವಿಲ್ಲದೆ, ಸುಳಿವು ಕೊಡದೆ ಅಂಚಿನ ನೋಟದಿಂದ ಕಬಳಿಸುತ್ತ ಬರುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ, ಬೇಗ ತಿಳಿದರೆ ಉಳಿದದ್ದನ್ನು ದಿನವೂ ಹಾಕುವ ಹನಿಮದ್ದಿನಿಂದ ಕಾಪಾಡಿಕೊಳ್ಳಬಹುದು. ನೀವೂ ನಿಮ್ಮ ಒಡಹುಟ್ಟಿದವರೂ ಈ ತಿಂಗಳೇ ಕಣ್ಣಿನ ವೈದ್ಯರ ಬಳಿ ಹೋಗಿ, ತಂದೆಗೆ ಗ್ಲಾಕೋಮಾ ಇದೆ ಎಂದು ತಿಳಿಸಿ, ಕಣ್ಣಿನ ಒತ್ತಡವನ್ನೂ ಕಣ್ಣಿನ ನರವನ್ನೂ ಪರೀಕ್ಷೆ ಮಾಡಿಸಿಕೊಳ್ಳಿ.